ಅಳಿಯನ ಎದುರು ಕುಡಿಯದ ನೀರು

ನಮ್ಮತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಮದುವೆಯಾದ ದಿನದಿಂದ ನನ್ನೊಂದಿಗೆ ನೇರವಾಗಿ ಮಾತಾಡಿದವರಲ್ಲ. ಜಗಳವೇನೂ ಇರಲಿಲ್ಲ, ಅದು ಅವರ ಮರ್ಯಾದೆ. ಅಳಿಯ ಬಂದರೆ ಸೆರಗು ತಲೆ ಮೇಲೆ ಬರಬೇಕು, ಕೂತಿದ್ದರೆ ಏಳಬೇಕು, ಅವನೆದುರು ಬಾಯಿಗೆ ತುತ್ತಿಡಬಾರದು, ನೀರಿನ ಲೋಟವನ್ನೂ ಎತ್ತಬಾರದು. ಸಾಸಲು ಕಡೆಯ ಅವರ ಹಳ್ಳಿಯಲ್ಲಿ ಈಗ ಇದನ್ನೆಲ್ಲ ಯಾರೂ ಅಷ್ಟಾಗಿ ಹಿಡಿದುಕೊಂಡಿಲ್ಲ. ನನ್ನ ಓರಗೆಯವರು ಅತ್ತೆಯರ ಪಕ್ಕದಲ್ಲೇ ಕೂತು ಸೀರಿಯಲ್ ನೋಡುತ್ತಾರೆ, ತಮಾಷೆ ಮಾಡುತ್ತಾರೆ, ಬೈಸಿಕೊಳ್ಳುತ್ತಾರೆ. ನಮ್ಮತ್ತೆ ಮಾತ್ರ ಬಿಡಲಿಲ್ಲ.

ಹೆಂಡತಿ ಎದುರಿಗಿದ್ದರೆ ಸರಿ, ಅವಳ ಮೂಲಕ ವ್ಯವಹಾರ ನಡೆಯುತ್ತಿತ್ತು. "ಅವ್ರಿಗೆ ಇನ್ನೊಂದ್ ಸೌಟು ಸಾರು ಬಿಡವ್ವ." ಅವಳಿಲ್ಲದಿದ್ದರೆ ಪಾಡು ನೋಡಬೇಕಿತ್ತು. ಅಂಗಳದ ಕೋಳಿಗೆ ಹೇಳುವರು, "ನೀರು ಕಾದದೆ, ಸ್ನಾನಕ್ಕೆ ಏಳ್ಬೋದು." ನಾನು ಕೋಳಿಯ ಪರವಾಗಿ ಎದ್ದು ಹೋಗಿ ಸ್ನಾನ ಮಾಡುತ್ತಿದ್ದೆ. ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಒಳಗೊಳಗೇ ಸಿಟ್ಟು. ನನಗೆ ತಾಯಿ ಇಲ್ಲ, ಬೇಗ ಹೋದಳು. ಈ ಹೆಂಗಸು ಒಂದು ಸಲ 'ಏನಪ್ಪ, ಉಂಡ್ಯಾ' ಅಂತ ಕೇಳಿದರೆ ಅವರ ಗಂಟೇನು ಹೋಗುತ್ತಿತ್ತು ಅನ್ನಿಸುತ್ತಿತ್ತು. ಇದನ್ನು ಹೆಂಡತಿಗೆ ಹೇಳಿ ಬೈಸಿಕೊಂಡದ್ದೂ ಉಂಟು.

ಮಾವ ತೀರಿಕೊಂಡ ಮೇಲೂ ಅತ್ತೆ ತಮ್ಮ ಪಾಲಿನ ಮನೆಯಲ್ಲೇ, ಮೈದುನನ ಸಂಸಾರದ ಪಕ್ಕದಲ್ಲೇ ಇದ್ದರು. ಒಂದು ಸೀಮೆಹಸು, ಹಾಲಿನ ಡೈರಿ, ಹಿತ್ತಲಲ್ಲಿ ಸೊಪ್ಪು, ಅವರೆ. ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದರೆ ಒಂದು ರಾತ್ರಿ ಉಳಿಯುವಷ್ಟರಲ್ಲಿ ಚಡಪಡಿಸುತ್ತಿದ್ದರು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ, ಜೀಪಿನಲ್ಲಿ ಮಲಗಿಸಿಕೊಂಡು ಬರುವಾಗ, ನೋವಿನ ನಡುವೆಯೂ ಮಗಳ ಕೈ ಹಿಡಿದು ಹೇಳಿದ್ದು ಇದೊಂದೇ ಮಾತು: "ಹೆಂಗಾರ ಮಾಡಿ ನನ್ ಕಾಲ್ ಮೇಲೆ ನಿಲ್ಸವ್ವ. ಅಳೀನ ಮನೇಲಿ ಹಾಸಿಗೆ ಹಿಡ್ಸಬ್ಯಾಡ." ಮುಂದೆ ಡ್ರೈವರ್ ಪಕ್ಕ ಕೂತಿದ್ದ ನನಗೂ ಕೇಳಿಸಿತು. ನಾನು ಮನಸ್ಸಿನಲ್ಲೇ ಮಾತು ಕೊಟ್ಟೆ, ನಿಲ್ಲಿಸ್ತೀನಿ ಅತ್ತೆ, ನೀವೇ ನಡಕೊಂಡು ನಿಮ್ಮ ಹೊಸಲು ದಾಟೋ ಹಂಗೆ ಮಾಡ್ತೀನಿ ಅಂತ.

ದೊಡ್ಡಬಳ್ಳಾಪುರದಲ್ಲೇ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಮಾಡಿ ರಾಡು ಹಾಕಿದರು. ಎಲ್ಲ ಚೆನ್ನಾಗಿಯೇ ಆಯಿತು. ಡಾಕ್ಟರು ಬಂದು, "ಅಜ್ಜಿ ಗಟ್ಟಿ ಇದ್ದಾರೆ. ಚೆನ್ನಾಗಿ ನೀರು ಕುಡೀಲಿ, ಮೊಟ್ಟೆ, ಬೇಳೆ, ಸೊಪ್ಪು ತಿನ್ನಲಿ. ಈ ವಾರದಲ್ಲೇ ವಾಕರ್ ಹಿಡಿದು ನಿಲ್ಲಿಸೋಣ" ಅಂದರು. ಅತ್ತೆಯ ಮುಖ ಅರಳಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಪ್ರಶ್ನೆ ಇದ್ದದ್ದು ಹತ್ತಿರ ಯಾರಿರಬೇಕು ಅನ್ನುವುದು. ಹೆಂಡತಿ ಒಬ್ಬಳೇ ಮಗಳು. ಅವಳು ಸ್ಕೂಲ್ ಟೀಚರ್, ಆಗ ಪರೀಕ್ಷೆಯ ಸಮಯ, ರಜೆ ಕೊಡಲಿಲ್ಲ. ನನಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಹಾಗಾಗಿ ರಾತ್ರಿ ಅವಳು, ಹಗಲು ನಾನು. ಪಾಳಿ ಮುಗಿಸಿ ಬೈಕಿನಲ್ಲಿ ನೇರ ಆಸ್ಪತ್ರೆಗೆ ಬರುತ್ತಿದ್ದೆ, ಅವಳು ಅಲ್ಲಿಂದಲೇ ಸ್ಕೂಲಿಗೆ ಹೋಗುತ್ತಿದ್ದಳು. ಅತ್ತೆಯ ಓರಗಿತ್ತಿ ಬರುತ್ತೇನೆ ಅಂದಿದ್ದರು. ಅವರಿಗೆ ಹಸು, ಹೊಲ, ಮನೆ ತುಂಬ ಮಕ್ಕಳು. ನಾನೇ, "ಬೇಡ ಬಿಡಿ, ನಾನಿದ್ದೀನಲ್ಲ" ಅಂದೆ. ಅತ್ತೆಯ ಸೇವೆ ಮಾಡುವ ಅಳಿಯ ಅಂತ ನಾಲ್ಕು ಜನ ಅಂದರೆ ಯಾರಿಗೆ ತಾನೇ ಬೇಡ!

ಮೂತ್ರದ ಪೈಪು ಹಾಕಿದ್ದಷ್ಟು ಹೊತ್ತೂ ಅತ್ತೆ ಚೆನ್ನಾಗಿ ನೀರು ಕುಡಿದರು. ಪೈಪು ತೆಗೆದ ಮೇಲೆ ಮೂತ್ರಕ್ಕೆ ಆಯಾ ಬಂದು ಪ್ಯಾನ್ ಇಡಬೇಕಿತ್ತು. ಆಯಾ ಬರಬೇಕಾದರೆ ಯಾರಾದರೂ ಕರೆಯಬೇಕು. ಗಂಟೆಯ ಗುಂಡಿ ಗೋಡೆಯಲ್ಲಿತ್ತು, ಮಲಗಿದವರ ಕೈಗೆ ಎಟುಕುತ್ತಿರಲಿಲ್ಲ. ಅಂದರೆ ಹಗಲಲ್ಲಿ ನಾನು ಒತ್ತಬೇಕು. ನಾನು ಒತ್ತಬೇಕಾದರೆ ಅತ್ತೆ ನನಗೆ ಹೇಳಬೇಕು. ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಈ ಸರಪಳಿ ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ನನಗೆ ಹೊಳೆದದ್ದು ಬೇರೆ. ಅತ್ತೆ ನನ್ನೆದುರು ಕುಡಿಯುವುದಿಲ್ಲವಲ್ಲ, ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಬಾಟಲಿ ತುಂಬಿಸಿ, ಮುಚ್ಚಳ ಸಡಿಲಿಸಿ, ಕೈಗೆ ಸಿಗುವಂತಿಟ್ಟು, ಗೋಡೆಗೆ ಹೇಳುವಂತೆ "ನೀರಿಟ್ಟಿದೀನಿ" ಅಂದು ಕಾರಿಡಾರಿಗೆ ಹೋಗಿಬಿಡುತ್ತಿದ್ದೆ. ಊಟಕ್ಕೂ ಅಷ್ಟೇ. ಬೇಯಿಸಿದ ಮೊಟ್ಟೆ, ಗಂಜಿ, ಹಣ್ಣು ಇಟ್ಟು ಹೊರಗೆ. ಅಲ್ಲಿ ಬೆಂಚಿನ ಮೇಲೆ ತೂಕಡಿಸಿ ಒಳಗೆ ಬಂದು ನೋಡಿದರೆ ಬಾಟಲಿ ಖಾಲಿ, ತಟ್ಟೆಯೂ ಹೆಚ್ಚುಕಮ್ಮಿ ಖಾಲಿ. ಮತ್ತೆ ತುಂಬಿಸುವುದು, ಮತ್ತೆ ಹೊರಗೆ ಹೋಗುವುದು. ನನ್ನ ಮರ್ಯಾದೆಯ ಬಗ್ಗೆ ನನಗೇ ಹೆಮ್ಮೆ.

ಸಿಸ್ಟರ್ ದಿನವೂ ಬಂದು ಕೇಳುತ್ತಿದ್ದರು, "ನೀರೆಷ್ಟು ಕುಡಿದ್ರು ಅಜ್ಜಿ?"

"ಎರಡು ಬಾಟ್ಲಿ ಸಿಸ್ಟರ್."

"ಯೂರಿನ್ ಎಷ್ಟು ಸಲ ಹೋದ್ರು?"

ಅತ್ತೆ ಆ ಮಾತು ಕಿವಿಗೆ ಬಿದ್ದೊಡನೆ ಹೊದಿಕೆಯನ್ನು ಮೂಗಿನ ತನಕ ಎಳೆದುಕೊಳ್ಳುತ್ತಿದ್ದರು. ನನಗೂ ನಾಚಿಕೆ. "ಹೂಂ, ಹೋಗಿದಾರೆ, ಹೋಗಿದಾರೆ" ಅಂತ ಗಡಿಬಿಡಿಯಲ್ಲಿ ಹೇಳಿ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ. ಆಸ್ಪತ್ರೆಯವರನ್ನು ದೂರುವಂತಿಲ್ಲ, ಅವರು ಕೇಳಬೇಕಾದ್ದನ್ನು ಕೇಳಿದ್ದರು. ನಾನು ಹೊರಗೆ ಹೋದಾಗ ಆಯಾ ಬಂದು ಹೋಗಿರುತ್ತಾಳೆ ಅಂದುಕೊಂಡಿದ್ದೆ. ಯಾರು ಕರೆದರು ಅಂತ ಯೋಚಿಸಲಿಲ್ಲ.

ರಾತ್ರಿ ಕತೆ ಆಮೇಲೆ ಹೆಂಡತಿ ಹೇಳಿದಳು. ಅವಳು ಮುದ್ದೆ ಮೆತ್ತಗೆ ಕಿವುಚಿ ಬಸ್ಸಾರಿನಲ್ಲಿ ಕಲಸಿ ತಂದರೆ ಅತ್ತೆ ಒಂದಿಷ್ಟು ಉಣ್ಣುತ್ತಿದ್ದರಂತೆ, ಅರ್ಧ ಲೋಟ ನೀರೂ ಕುಡಿಯುತ್ತಿದ್ದರಂತೆ. ಇನ್ನೊಂದಿಷ್ಟು ಕುಡಿ ಅಂದರೆ, "ದಿನವೆಲ್ಲ ನಿಂತು ಬಂದಿದ್ದೀಯ, ಮಲಿಕ್ಕೋ. ಹಗಲೊತ್ತು ಅವ್ರು ಬೇಕಾದಷ್ಟು ಇಟ್ಟಿರ್ತರೆ, ಕುಡಿದಿದೀನಿ" ಅನ್ನುತ್ತಿದ್ದರಂತೆ. ಮಗಳನ್ನು ಎಬ್ಬಿಸಬಾರದು ಅನ್ನುವುದು ಅವರ ಲೆಕ್ಕ. ನಮ್ಮವಳಿಗೆ ನನ್ನ ಮೇಲೆ ನಂಬಿಕೆ, ನನಗೆ ಖಾಲಿ ಬಾಟಲಿಯ ಮೇಲೆ ನಂಬಿಕೆ.

ಹಾಗೇ ದಿನಗಳು ಕಳೆದವು. ಅತ್ತೆ ಸುಸ್ತಾಗಿ ಕಂಡರು, ಆಪರೇಷನ್ ಆದ ಮೇಲೆ ಸುಸ್ತು ಇರುವುದೇ ಅಂದುಕೊಂಡೆವು. ಒಂದು ಬೆಳಿಗ್ಗೆ ಹೆಂಡತಿ, "ಅಮ್ಮ ಸರಿಯಾಗಿ ನಿದ್ದೆ ಮಾಡಿಲ್ಲ, ಏನೇನೋ ಗೊಣಗ್ತಿದ್ರು. ಸ್ವಲ್ಪ ನೋಡ್ಕೊಳ್ಳಿ" ಅಂದು ಬಸ್ಸಿಗೆ ಓಡಿದಳು. ನಾನು ಬಾಟಲಿ ತುಂಬಿಸಿ ತಂದು ಮೇಜಿನ ಮೇಲೆ ಇಡುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಲೇ, ಎಲ್ಲೋಗಿದ್ಯೋ ಇಷ್ಟೊತ್ತು?"

ತಿರುಗಿ ನೋಡಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ನೆಟ್ಟಗೆ, ಕಣ್ಣಲ್ಲಿ ಕಣ್ಣಿಟ್ಟು. ತಲೆಯ ಮೇಲೆ ಏನೂ ಇರಲಿಲ್ಲ, ನೆರೆತ ಕೂದಲು ಕೆದರಿತ್ತು. ಅಷ್ಟು ವರ್ಷದಲ್ಲಿ ಅವರ ಕೂದಲನ್ನು ನಾನು ಸರಿಯಾಗಿ ನೋಡಿದ್ದೇ ಅಂದು.

"ನಾನಾ ಅತ್ತೆ? ಇಲ್ಲೇ ನೀರು ತರಕ್ಕೆ..."

"ಬಾ, ಕೂತ್ಕೋ ಬಾ. ಮಖ ನೋಡು ಹೆಂಗಾಗದೆ! ಉಂಡ್ಯಾ?"

ಉಂಡ್ಯಾ ಅಂದರು! ಸ್ಟೂಲು ಎಳೆದುಕೊಂಡು ಹತ್ತಿರ ಕೂತೆ. ಅವರು ಮಾತಾಡಿದ್ದೇ ಮಾತಾಡಿದ್ದು. ಅಂಗಿ ಮಾಸಿದೆ ಅಂತ ಬೈದರು. ಹೊಲದಲ್ಲಿ ಅವರೆ ಸೊಗಡು ಬಿದ್ದಿದೆ, ಇಬ್ಬನಿ ಆರುವ ಮೊದಲೇ ಕಿತ್ತುಕೊಂಡು ಬರಬೇಕು ಅಂದರು. ಅವರೆಕಾಯಿಯ ಕಾಲವೇ ಅಲ್ಲ ಅದು. ಆದರೂ ನಾನು, "ಆಯ್ತು ಅತ್ತೆ, ಇಬ್ರೂ ಹೋಗಣ" ಅಂದೆ. ಹೊದಿಕೆಯ ಅಂಚನ್ನು ಬೆರಳುಗಳಿಂದ ಬಿಡಿಸುತ್ತಾ ಬಿಡಿಸುತ್ತಾ, ಏನೋ ಹಿಡಿದಂತೆ ಮುಷ್ಟಿ ಮಾಡಿ ನನ್ನ ಕಡೆ ಚಾಚಿದರು. "ತಗೋ, ಕಾಳು. ಚೆಲ್ಬ್ಯಾಡ." ನಾನು ನಗುತ್ತಾ ಅಂಗೈ ಒಡ್ಡಿದೆ. ಇಲ್ಲದ ಕಾಳನ್ನು ಎರಡೂ ಕೈಯಲ್ಲಿ ಇಸಿದುಕೊಂಡೆ, ಕಣ್ರೀ.

ನಡುವೆ ಒಂದು ಸಲ, "ಬಾಯಿ ಒಣಗ್ತಾ ಅದೆ ಕಣ್ಲಾ" ಅಂದರು.

"ಇಷ್ಟೊಂದ್ ಮಾತಾಡಿದ್ರೆ ಒಣಗ್ದೆ ಏನಾಗುತ್ತೆ!" ಅಂತ ತಮಾಷೆ ಮಾಡಿದೆ. ಬಾಟಲಿಯನ್ನು ಅವರ ಕೈ ಹತ್ತಿರ ಸರಿಸಿದೆ. ಅವರು ಕುಡಿಯಲಿ ಅಂತ, ರೂಢಿಯಂತೆ, ಎದ್ದು ಹೊರಗೆ ಹೋದೆ.

ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿದೆ. "ಏ ಕೇಳಿಲ್ಲಿ, ನಿಮ್ಮಮ್ಮ ನನ್ನ ಜೊತೆ ಮಾತಾಡಿದ್ರು ಕಣೇ. ಲೇ ಅಂದ್ರು, ಉಂಡ್ಯಾ ಅಂದ್ರು!" ಅವಳು ಸ್ಟಾಫ್ ರೂಮಿನಲ್ಲಿದ್ದಳು. "ಅಮ್ಮನಾ? ನಿಮ್ ಹತ್ರನಾ? ನಿಜವಾ?" ಅಂದವಳೇ ಅತ್ತುಬಿಟ್ಟಳು. ಅತ್ತಿದ್ದು ಸಂತೋಷಕ್ಕೆ. "ನೀವು ಇಷ್ಟು ನೋಡ್ಕೊಂಡಿದ್ದಕ್ಕೆ ಅವ್ರ ಮನಸ್ಸು ಕರಗಿದೆ" ಅಂದಳು. ಹೌದು ಅನ್ನಿಸಿತು. ಆ ಕಾರಿಡಾರಿನಲ್ಲಿ, ಫಿನಾಯಿಲ್ ವಾಸನೆಯ ನಡುವೆ, ನನಗೆ ಎಷ್ಟೋ ವರ್ಷದ ಮೇಲೆ ತಾಯಿ ಸಿಕ್ಕಂತೆ ಆಗಿತ್ತು.

ಒಳಗೆ ಬಂದಾಗ ಬಾಟಲಿ ಇಟ್ಟಲ್ಲೇ ಇತ್ತು, ತುಂಬಿದಂತೆಯೇ. ಅತ್ತೆ ಮಾತು ನಿಲ್ಲಿಸಿರಲಿಲ್ಲ, ಆದರೆ ಅದು ಈಗ ನನ್ನ ಕಡೆಗಿರಲಿಲ್ಲ, ಮೇಲೆ ಫ್ಯಾನಿನ ಕಡೆಗಿತ್ತು. ಅಷ್ಟರಲ್ಲಿ ಸಿಸ್ಟರ್ ಮಾತ್ರೆ ಕೊಡಲು ಬಂದರು. ಒಂದು ಕ್ಷಣ ನಿಂತು ಕೇಳಿದರು. ಮಾತ್ರೆಯ ತಟ್ಟೆ ಪಕ್ಕಕ್ಕಿಟ್ಟು ಅತ್ತೆಯ ಗಲ್ಲ ಹಿಡಿದು ಬಾಯಿ ತೆಗೆಸಿದರು. ನಾಲಗೆ ಒಣ ತೊಗಟೆಯಾಗಿತ್ತು.

"ಎಷ್ಟೊತ್ತಿಂದ ಹಿಂಗೆ ಮಾತಾಡ್ತಿದ್ದಾರೆ?"

"ಬೆಳಿಗ್ಗೆಯಿಂದ."

"ಮತ್ತೆ ನಮ್ಮನ್ನ ಯಾಕ್ ಕರೀಲಿಲ್ಲ ನೀವು?"

ಏನಂತ ಹೇಳಲಿ? ಖುಷಿಯಾಗಿತ್ತು ಸಿಸ್ಟರ್ ಅಂತ ಹೇಳಲೇ?

ಆಮೇಲೆ ಓಡಾಟ. ಡಾಕ್ಟರು ಬಂದರು, ಡ್ರಿಪ್ ಹಾಕಿದರು, ಮತ್ತೆ ಪೈಪು ಹಾಕಿದರು, ರಕ್ತ ತೆಗೆದುಕೊಂಡು ಹೋದರು. ಪೈಪಿನಲ್ಲಿ ಬಂದದ್ದು ಒಂದು ಗುಟುಕಿನಷ್ಟು, ಕಾಫಿ ಡಿಕಾಕ್ಷನ್ ಬಣ್ಣದ್ದು. "ಮೈಯಲ್ಲಿ ನೀರೇ ಇಲ್ಲ. ಕಿಡ್ನಿಗೆ ಪೆಟ್ಟಾಗಿದೆ, ಅದಕ್ಕೇ ಬುದ್ಧಿ ಭ್ರಮಣೆ" ಅಂದರು. ನನಗೆ ರೇಗಿತು. "ನೀರೇ ಇಲ್ಲ ಅಂದ್ರೆ? ದಿನಕ್ಕೆ ಎರಡೆರಡು ಬಾಟ್ಲಿ ನಾನೇ ತುಂಬ್ಸಿ ಇಟ್ಟಿದೀನಿ ಸಾರ್, ನಾನೇನ್ ಸುಳ್ಳು ಹೇಳ್ತೀನಾ?" ಅಂತ ಕೂಗಾಡಿದೆ.

ಆಗ ಪಕ್ಕದ ಮಂಚದ ಬಳಿ ಕೂತಿದ್ದ ಹೆಂಗಸು ಎದ್ದು ನಿಂತಳು. ತೂಬಗೆರೆ ಕಡೆಯವಳು, ತನ್ನ ತಾಯಿಯನ್ನು ನೋಡಿಕೊಳ್ಳಲು ಬಂದವಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಅಣ್ಣ, ಆ ನೀರು... ಅಜ್ಜಿ ನಮಗೇ ಕೊಡೋರು. 'ಅಳೀಮಯ್ಯ ತಂದಿಟ್ಟವ್ರೆ, ನಾನು ಕುಡ್ದಾಯ್ತು. ನೀನು ಮನೆಯಿಂದ ದೂರ ಬಂದು ದಣಿದಿದ್ದೀಯ, ಕುಡ್ಕೋ ಮಗ' ಅನ್ನೋರು. ಮೊಟ್ಟೇನೂ ನಮ್ಮಮ್ಮಂಗೆ ಕೊಡ್ಸೋರು. ಎಷ್ಟು ಒಳ್ಳೆಯೋರು ಅಂತ ನಾನು... ನಂಗೇನ್ ಗೊತ್ತಣ್ಣ?"

ಪಾಪ, ಅವಳಿಗೇನು ಗೊತ್ತು. ಅವಳು ಹೇಳಿದ್ದು ಇನ್ನೊಂದಿತ್ತು. ಒಂದು ದಿನ ಅವಳು, ಆಯಾನ ಕರೀಲಾ ಅಜ್ಜಿ ಅಂತ ತಾನಾಗಿಯೇ ಕೇಳಿದ್ದಳಂತೆ. ಅತ್ತೆ ಬಾಗಿಲ ಕಡೆ ಕಣ್ಣು ತೋರಿಸಿ, "ಬ್ಯಾಡ ಕಣವ್ವ. ಅವ್ರು ಹೊರಗೇ ಅವ್ರೆ. ಪ್ಯಾನ್ ತಗಂಡು ಬಂದ್ರೆ ಕಾಣ್ತದೆ" ಅಂದಿದ್ದರಂತೆ.

ನಾನು ಹೊರಗೆ ಹೋಗುತ್ತಿದ್ದುದು ಅವರು ಕುಡಿಯಲಿ ಅಂತ. ಅವರು ಕುಡಿಯದಿದ್ದುದು ನಾನು ಹೊರಗಿದ್ದೇನೆ ಅಂತ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೆವು. ಬೆಳಿಗ್ಗೆ ಬಂದೊಡನೆ ಸಿಸ್ಟರಿಗೆ, "ಹೊತ್ತುಹೊತ್ತಿಗೆ ನೀವೇ ಆಯಾನ ಕಳಿಸಿಬಿಡಿ, ನಾನು ಕ್ಯಾಂಟೀನ್ ಕಡೆ ಹೋಗಿರ್ತೀನಿ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಓರಗಿತ್ತಿ ಬರುತ್ತೇನೆ ಅಂದಾಗ ಬನ್ನಿ ಅಂದಿದ್ದರೂ ಸಾಕಿತ್ತು. ಇದನ್ನು ಎಷ್ಟು ಸಲ ಅಂದುಕೊಂಡಿದ್ದೇನೋ! ಅಂದುಕೊಂಡರೆ ಆಗುವುದೇನಿದೆ.

ಆಂಬುಲೆನ್ಸಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಡಯಾಲಿಸಿಸ್ ಮಾಡಿದರು. ದೇವರ ದಯೆ, ಜೀವ ಉಳಿಯಿತು. ಅಲ್ಲಿ ಅವರಿಗೆ ಬುದ್ಧಿ ತಿಳಿಯಾದದ್ದು ನಮಗೆ ಗೊತ್ತಾದ ಬಗೆ ಕೇಳಿ. ಕಣ್ಣು ಬಿಟ್ಟರು, ಮಗಳನ್ನು ನೋಡಿದರು, ಅವಳ ಹಿಂದೆ ನಿಂತ ನನ್ನನ್ನು ನೋಡಿದರು. ಕೈ ಭುಜದ ಮೇಲೆ ಸೆರಗಿಗಾಗಿ ತಡಕಾಡಿತು. ಆಸ್ಪತ್ರೆಯ ಗೌನಿಗೆ ಸೆರಗೆಲ್ಲಿ? ಹೊದಿಕೆಯನ್ನೇ ಎಳೆದು ತಲೆಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದರು. "ಅಮ್ಮಂಗೆ ಜ್ಞಾನ ಬಂತು ಕಣ್ರೀ!" ಅಂತ ಹೆಂಡತಿ ನನ್ನ ತೋಳು ಹಿಡಿದು ಅತ್ತಳು. ನನಗೂ ಅಳು ಬಂತು. ಅವರು ನನ್ನನ್ನು ಮಾತಾಡಿಸಲಿಲ್ಲವಲ್ಲ ಅಂತ ಅಷ್ಟು ಸಮಾಧಾನಪಟ್ಟುಕೊಂಡದ್ದು ಅದೇ ಮೊದಲು.

ಆದರೆ ಕಾಲು ಬರಲಿಲ್ಲ. ನಿಲ್ಲಿಸಬೇಕಾದ ವಾರದಲ್ಲಿ ಅವರು ಐಸಿಯುನಲ್ಲಿ ಮಲಗಿದ್ದರು. ಆಮೇಲೆ ಬೆನ್ನಿಗೆ ಹಾಸಿಗೆ ಹುಣ್ಣಾಯಿತು, ಅದು ಮಾಯುವಷ್ಟರಲ್ಲಿ ಇದ್ದಬದ್ದ ಕಸುವೆಲ್ಲ ಹೋಯಿತು. ತೊಡೆ ನನ್ನ ಮುಂಗೈಯಷ್ಟಾಯಿತು. ಫಿಸಿಯೋದವನು ಇಬ್ಬರ ಸಹಾಯದಿಂದ ಎಬ್ಬಿಸಿದರೆ, ಕಾಲು ನೆಲಕ್ಕೆ ತಾಗಿದ ಕೂಡಲೇ ಮಡಚಿಕೊಳ್ಳುತ್ತಿತ್ತು. ಕೊನೆಗೆ ಡಾಕ್ಟರು, "ಮನೆಗೆ ಕರ್ಕೊಂಡ್ ಹೋಗಿ, ಚೆನ್ನಾಗಿ ನೋಡ್ಕೊಳ್ಳಿ" ಅಂದರು. ಮನೆ ಅಂದರೆ ನಮ್ಮ ಮನೆ.

ನಡುಮನೆಯ ಪಕ್ಕದ ಕೋಣೆಯಲ್ಲಿ ಮಂಚ ಹಾಕಿದೆವು. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟುಕೊಂಡೆವು. ಅತ್ತೆ ಅವಳ ಕೈಯಲ್ಲಿ ಉಂಡರು, ಕುಡಿದರು. ಕಿಟಕಿಯಲ್ಲಿ ಕಾಣುವ ನುಗ್ಗೆಮರ ನೋಡುತ್ತಾ ಹಸುವಿನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಹಸುವನ್ನು ಅವರ ಮೈದುನ ಮಾರಿದ್ದಾರೆ ಅಂತ ನಾವು ಇನ್ನೂ ಹೇಳಿಲ್ಲ. ಆ ಹೆಂಗಸು ಕಾರ್ಖಾನೆ ಕೆಲಸ ಸಿಕ್ಕಿತು ಅಂತ ಬಿಟ್ಟುಹೋದಳು. ಇನ್ನೊಬ್ಬಳು ಬಂದಳು, ನಾಲ್ಕು ದಿನ ಇದ್ದಳು, ಹೋದಳು. ಮೂರನೆಯವರು ಸಿಗಲಿಲ್ಲ.

ಹೋದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಹೆಂಡತಿ ಪರೀಕ್ಷೆಯ ಪೇಪರ್ ತಿದ್ದಲು ಹೋಗಿದ್ದಳು, ಬರುವುದು ಸಂಜೆಗೆ. ಬಿಸಿಲು ಕೆಂಡದಂತಿತ್ತು. ನಾನು ಮಜ್ಜಿಗೆ ತೆಗೆದುಕೊಂಡು ಕೋಣೆಗೆ ಹೋದರೆ ಅತ್ತೆಯ ಹಾಸಿಗೆ ಒದ್ದೆಯಾಗಿತ್ತು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಕೆಟ್ಟು, ಬಟ್ಟೆ, ಒಗೆದ ನೈಟಿ ತಂದೆ. ಹತ್ತಿರ ಹೋದಾಗ ಅವರು ಮುಖ ತಿರುಗಿಸಿ ನನ್ನನ್ನು ನೋಡಿದರು. ಈ ಸಲ ಭ್ರಮೆಯಿರಲಿಲ್ಲ. ನಾನು ಯಾರು ಅಂತ ಪೂರ್ತಿ ಗೊತ್ತಿದ್ದೇ ನೋಡಿದರು.

"ನೀನು ಮುಟ್ಬ್ಯಾಡಪ್ಪ," ಅಂದರು. "ನನ್ ಮಗಳು ಬರೋಗಂಟ ಹಿಂಗೇ ಇರ್ತೀನಿ. ಇನ್ಮ್ಯಾಲೆ ನೀರು ಕುಡಿಯಲ್ಲ, ನಿನ್ ಕಾಲಿಗ್ ಬೀಳ್ತೀನಿ."

ಅಳಿಯನೊಂದಿಗೆ, ಬುದ್ಧಿಯಿದ್ದು, ಅವರು ಆಡಿದ ಮೊದಲ ಮಾತು ಇದು. ನಾನು ಕಾದಿದ್ದ ಮಾತು ಇದಲ್ಲ.

ಸಂಜೆಯ ತನಕ ಒದ್ದೆಯಲ್ಲಿ ಮಲಗಿದರೆ ಬೆನ್ನಿನ ಹುಣ್ಣು ಮತ್ತೆ ಒಡೆಯುತ್ತದೆ. ನೀರು ಬಿಟ್ಟರೆ ಏನಾಗುತ್ತದೆ ಅಂತ ನೋಡಿ ಆಗಿದೆ. "ಕ್ಷಮಿಸಿಬಿಡಿ ಅತ್ತೆ" ಅಂದೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಒರೆಸಿದೆ, ಬಟ್ಟೆ ಬದಲಿಸಿದೆ, ಹಾಸಿಗೆ ಬದಲಿಸಿದೆ. ತಲೆ ಎತ್ತಿ ಹಿಡಿದು ಮಜ್ಜಿಗೆಯ ಲೋಟ ತುಟಿಗಿಟ್ಟೆ. ಬೇಡ ಅನ್ನಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವರು ಕುಡಿಯುತ್ತಲೇ ಇದ್ದರು. ಅಂದಿನಿಂದ ನಾನು ಎಷ್ಟು ಕೊಟ್ಟರೆ ಅಷ್ಟು ಕುಡಿಯುತ್ತಾರೆ.